ಆರಿಸಿದ್ದು ತಪ್ಪಾ, ಬಿಟ್ಟುಕೊಟ್ಟಿದ್ದು ತಪ್ಪಾ? ವ್ಯಾಂಕೂವರ್ ಹಾಕಿ ಅಭಿಮಾನಿಗಳ ಹಳೇ ಲೆಕ್ಕ

2016ರ ಮೇ ತಿಂಗಳ ಕೊನೆ. ಕೆನಡಾದ ರೆಡ್ ಡೀರ್ ಊರಿನಲ್ಲಿ ಜೂನಿಯರ್ ಐಸ್ ಹಾಕಿಯ ಮೆಮೋರಿಯಲ್ ಕಪ್ ಫೈನಲ್. ಸ್ಕೋರು ಸಮವಾಗಿ ಆಟ ಓವರ್‌ಟೈಮ್‌ಗೆ ಹೋಯಿತು. ಗೆಲ್ಲಿಸಿದ ಗೋಲು ಹೊಡೆದವನು ಲಂಡನ್ ನೈಟ್ಸ್ ತಂಡದ ಮ್ಯಾಥ್ಯೂ ಕಚಕ್. (ಇದು ಇಂಗ್ಲೆಂಡಿನ ಲಂಡನ್ ಅಲ್ಲ, ಒಂಟಾರಿಯೊದ್ದು.) ಅದೇ ತಂಡದ ಡಿಫೆನ್ಸ್‌ನಲ್ಲಿ ಫಿನ್ಲೆಂಡಿನ ಹುಡುಗ ಒಲಿ ಯೊಲೆವಿ ಇದ್ದ. ಇಬ್ಬರಿಗೂ ಹದಿನೆಂಟು.

ಇದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಜೂನ್ 24ಕ್ಕೆ ಬಫಲೋದಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್, ಅಂದರೆ ದೊಡ್ಡ ಲೀಗಿನ ತಂಡಗಳು ಎಳೆಯ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುವ ದಿನ. ಐದನೆಯ ಸರದಿ ವ್ಯಾಂಕೂವರ್ ಕನಕ್ಸ್ ತಂಡದ್ದು. ಅವರು ಯೊಲೆವಿಯ ಹೆಸರು ಹೇಳಿದರು. ಆರನೆಯ ಸರದಿ ಕ್ಯಾಲ್ಗರಿ ಫ್ಲೇಮ್ಸ್ ತಂಡದ್ದು. ಅವರು ಕಚಕ್‌ನನ್ನು ಕರೆದುಕೊಂಡು ಹೋದರು. ಕ್ಯಾಲ್ಗರಿ ಅಂದರೆ ವ್ಯಾಂಕೂವರ್‌ಗೆ ದಾಯಾದಿ ಇದ್ದ ಹಾಗೆ. ಹೊಟ್ಟೆ ಉರಿಗೆ ಅದೂ ಒಂದು ಕಾರಣ.

ಯೊಲೆವಿ ಮೂರು ತಂಡ ಸೇರಿ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು 41 ಲೀಗ್ ಪಂದ್ಯ. ಕಚಕ್ ಮುಂದೆ ಫ್ಲೋರಿಡಾ ಪ್ಯಾಂಥರ್ಸ್ ಸೇರಿ 2024ರಲ್ಲೂ 2025ರಲ್ಲೂ ಲೀಗ್ ಗೆದ್ದವರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಎತ್ತಿದ. ಕನಕ್ಸ್ ಅಭಿಮಾನಿ ಹತ್ತಿರ ಹಾಕಿ ಮಾತು ತೆಗೆದು ನೋಡಿ, ಹತ್ತು ನಿಮಿಷದೊಳಗೆ ಈ ಎರಡು ಹೆಸರು ಬಂದೇ ಬರುತ್ತವೆ.

ಅವರ ಕೊರಗು ನಿಜವಾದದ್ದೇ. ಆದರೆ ಲೆಕ್ಕ ಎಲ್ಲಿ ತಪ್ಪಿತು ಅಂತ ಅವರು ಹುಡುಕುತ್ತಿರುವ ಜಾಗ ಸರಿ ಇಲ್ಲ ಅನಿಸುತ್ತೆ ನನಗೆ. 2014ರಿಂದ ಈಚಿನ ಪಟ್ಟಿ ತೆಗೆದು ನೋಡಿದರೆ, ಹುಡುಗರನ್ನು ಆರಿಸುವುದರಲ್ಲಿ ಕನಕ್ಸ್ ಅಷ್ಟೇನೂ ದಡ್ಡರಲ್ಲ. ಆರಿಸಿದವರನ್ನು ಇಟ್ಟುಕೊಳ್ಳೋದರಲ್ಲಿ ಎಡವಿದ್ದೇ ಜಾಸ್ತಿ.

ಮೊದಲು ಈ ಡ್ರಾಫ್ಟ್ ಅಂದರೇನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಹಾಕಿ ಅಂದರೆ ನಮಗೆ ನೆನಪಾಗೋದು ಕೊಡಗು. ಇದು ಮಂಜುಗಡ್ಡೆ ಮೇಲೆ ಆಡುವ ಹಾಕಿ. ಚೆಂಡಿನ ಬದಲು ಪಕ್ ಅನ್ನೋ ರಬ್ಬರ್ ಬಿಲ್ಲೆ, ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಆರು ಜನ. ಎನ್‌ಎಚ್‌ಎಲ್ ಅಂದರೆ ಅಮೆರಿಕ, ಕೆನಡಾ ಎರಡೂ ಸೇರಿ 32 ತಂಡಗಳ ಲೀಗ್. ವ್ಯಾಂಕೂವರ್‌ನಲ್ಲಿ ಸಂಜೆ ಏಳಕ್ಕೆ ಆಟ ಶುರುವಾದರೆ ನಮಗಿಲ್ಲಿ ಮಾರನೆಯ ದಿನ ಬೆಳಗಿನ ತಿಂಡಿ ಹೊತ್ತು. ಇಡ್ಲಿ ತಿನ್ನುತ್ತಾ ನೋಡಬಹುದಾದ ಆಟ.

ಐಪಿಎಲ್ ಹರಾಜು ನಮಗೆ ಗೊತ್ತು. ಅಲ್ಲಿ ಕೈಯಲ್ಲಿ ದುಡ್ಡಿದ್ದವರು ಕೂಗುತ್ತಾ ಹೋಗಬಹುದು. ಡ್ರಾಫ್ಟ್‌ನಲ್ಲಿ ಕೂಗಾಟ ಇಲ್ಲ, ಸರದಿ ಮಾತ್ರ. ನಮ್ಮ ಸಿಇಟಿ ಕೌನ್ಸೆಲಿಂಗನ್ನು ತಲೆಕೆಳಗು ಮಾಡಿದರೆ ಇದು ಅರ್ಥವಾಗುತ್ತೆ. ಸಿಇಟಿಯಲ್ಲಿ ಒಂದನೇ ರ‍್ಯಾಂಕಿನವರು ಮೊದಲು ಸೀಟು ಆರಿಸುತ್ತಾರೆ. ಇಲ್ಲಿ ಕಡೇ ರ‍್ಯಾಂಕಿನ ತಂಡ ಮೊದಲು ಹುಡುಗನನ್ನು ಆರಿಸುತ್ತೆ. ಬೇಕಂತಲೇ ಸೋತು ಮೊದಲ ಸರದಿ ಹೊಡೆದುಕೊಳ್ಳಬಾರದು ಅಂತ ಮೇಲಿನ ಕೆಲವು ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ. ಒಟ್ಟು ಏಳು ಸುತ್ತು. ಯಾವ ತಂಡ ಆರಿಸಿತೋ ಆ ತಂಡಕ್ಕೇ ಆ ಹುಡುಗನ ಮೇಲೆ ಹಕ್ಕು. ಇನ್ನೊಂದು ವಿಷಯ, ಈ ಸರದಿಯನ್ನೇ ಮಾರಬಹುದು, ದುಡ್ಡಿಗಲ್ಲ, ಬೇರೆ ತಂಡದ ಆಟಗಾರನಿಗೋ ಸರದಿಗೋ ಬದಲಾಗಿ. ಮುಂದಿನ ವರ್ಷದ್ದನ್ನೂ ಈಗಲೇ ಕೊಟ್ಟುಬಿಡಬಹುದು, ಅಡಿಕೆ ತೋಟವನ್ನು ಕೊಯ್ಲಿಗೆ ಮೊದಲೇ ಚೇಣಿಗೆ ಕೊಟ್ಟ ಹಾಗೆ.

ಆರಿಸಬೇಕಾದದ್ದು ಹದಿನೆಂಟರ ಹುಡುಗರನ್ನು. ಪಿಯುಸಿ ಮುಗಿಸಿದ ನಮ್ಮ ಮನೆ ಮಕ್ಕಳೇ ಏಳು ವರ್ಷದ ಮೇಲೆ ಏನಾಗಿರುತ್ತಾರೆ ಅಂತ ನಮಗೆ ಹೇಳಕ್ಕಾಗಲ್ಲ, ಅಲ್ವಾ? ಸ್ಕೌಟ್‌ಗಳು ಊರೂರು ಅಲೆದು ಹೇಳಬೇಕಾದದ್ದು ಅದನ್ನೇ.

ಈಗ 2014ಕ್ಕೆ ಬರೋಣ. ನನ್ನ ವಾದ ನಿಂತಿರುವುದೇ ಆ ವರ್ಷದ ಮೇಲೆ.

ಜಿಮ್ ಬೆನಿಂಗ್ ಆಗಷ್ಟೇ ಕನಕ್ಸ್ ಜನರಲ್ ಮ್ಯಾನೇಜರ್ ಆಗಿ ಬಂದಿದ್ದರು. ಕೈಯಲ್ಲಿ ಆರನೆಯ ಸರದಿ ಇತ್ತು. ಜೇಕ್ ವಿರ್ಟಾನೆನ್‌ನನ್ನು ಆರಿಸಿದರು. ವ್ಯಾಂಕೂವರ್ ಪಕ್ಕದ ಆಬಟ್ಸ್‌ಫರ್ಡ್ ಊರಿನವನು. ಗಟ್ಟಿ ಮೈ, ಜೋರು ಓಟ, ನಮ್ಮೂರ ಹುಡುಗ ಅನ್ನೋ ಹೆಮ್ಮೆ ಬೇರೆ. ಎಂಟನೆಯವನಾಗಿ ವಿಲಿಯಂ ನೀಲಾಂಡರ್ ಟೊರಾಂಟೊಗೆ ಹೋದ. ಒಂಬತ್ತನೆಯವನಾಗಿ ನಿಕೊಲಾಯ್ ಏಲರ್ಸ್ ವಿನಿಪೆಗ್‌ಗೆ ಹೋದ. ವಿರ್ಟಾನೆನ್ 317 ಪಂದ್ಯಗಳಲ್ಲಿ 55 ಗೋಲು ಹೊಡೆದ. 2021ರಲ್ಲಿ ತಂಡವೇ ದುಡ್ಡು ಕೊಟ್ಟು ಅವನ ಒಪ್ಪಂದ ಮುಗಿಸಿತು. ನೀಲಾಂಡರ್ 2024-25ರ ಒಂದೇ ಸೀಸನ್‌ನಲ್ಲಿ 45 ಗೋಲು ಹೊಡೆದ. ಈ ಹೋಲಿಕೆ ನೋಡಿದರೆ ಯಾರಿಗೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತೆ.

ಆದರೆ ಆ ಡ್ರಾಫ್ಟ್ ಅಲ್ಲಿಗೇ ಮುಗಿಯಲಿಲ್ಲ. ಮೊದಲ ಸುತ್ತಿನಲ್ಲೇ ಕನಕ್ಸ್‌ಗೆ ಇನ್ನೊಂದು ಸರದಿ ಇತ್ತು, 24ನೆಯದು. ಜ್ಯಾರೆಡ್ ಮಕ್ಯಾನ್ ಸಿಕ್ಕಿದ. ಅಭಿಮಾನಿಗಳು ಇಲ್ಲಿಯೂ ನೆನೆಸೋದು ಅವನ ನಂತರದ ಹೆಸರನ್ನು. 25ನೆಯವನಾಗಿ ಬಾಸ್ಟನ್ ಎತ್ತಿಕೊಂಡದ್ದು ಡೇವಿಡ್ ಪಾಸ್ಟರ್ನಾಕ್‌ನನ್ನು. 2022-23ರಲ್ಲಿ ಅವನು ಹೊಡೆದದ್ದು 61 ಗೋಲು. ಅದು ಸರಿ. ಅದೇ ಸೀಸನ್‌ನಲ್ಲಿ ಮಕ್ಯಾನ್ ಎಷ್ಟು ಹೊಡೆದ ಗೊತ್ತಾ? 40. ಆದರೆ ಕನಕ್ಸ್‌ಗಲ್ಲ, ಸಿಯಾಟಲ್‌ಗೆ. ಒಂದೇ ಒಂದು ಸೀಸನ್ ಆಡಿಸಿ, 2016ರಲ್ಲಿ ಡಿಫೆಂಡರ್ ಎರಿಕ್ ಗುಡ್‌ಬ್ರಾನ್ಸನ್‌ಗೋಸ್ಕರ ಅವನನ್ನು ಫ್ಲೋರಿಡಾಗೆ ಕೊಟ್ಟಿದ್ದರು. ಜೊತೆಗೆ ಡ್ರಾಫ್ಟ್ ಸರದಿಗಳನ್ನೂ ಕೊಟ್ಟಿದ್ದರು. ಗುಡ್‌ಬ್ರಾನ್ಸನ್ ವ್ಯಾಂಕೂವರ್‌ನಲ್ಲಿ ಮೂರು ವರ್ಷವೂ ನಿಲ್ಲಲಿಲ್ಲ.

ಎರಡನೆಯ ಸುತ್ತಿನಲ್ಲಿ, 36ನೆಯವನಾಗಿ, ಗೋಲ್‌ಕೀಪರ್ ಥ್ಯಾಚರ್ ಡೆಮ್ಕೊ. ಅವನನ್ನು ಇಟ್ಟುಕೊಂಡರು. 2024ರಲ್ಲಿ ಲೀಗಿನ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಟ್ರೋಫಿಯ ಕೊನೆಯ ಮೂವರಲ್ಲಿ ಅವನೂ ಇದ್ದ. ಐದನೆಯ ಸುತ್ತಿನಲ್ಲಿ, 126ನೆಯವನಾಗಿ, ಸ್ವೀಡನ್ನಿನ ಗುಸ್ತಾವ್ ಫೋರ್ಸ್ಲಿಂಗ್. ಆರು-ಏಳು ತಿಂಗಳು ಕಳೆದಿತ್ತೋ ಇಲ್ಲವೋ, ವ್ಯಾಂಕೂವರ್ ಅಂಗಿ ತೊಟ್ಟು ಒಂದು ಪಂದ್ಯವನ್ನೂ ಆಡದೆ ಅವನು ಶಿಕಾಗೊ ಪಾಲಾದ. ಬದಲಿಗೆ ಬಂದ ಆಡಂ ಕ್ಲೆಂಡೆನಿಂಗ್ ಕನಕ್ಸ್‌ಗೆ 17 ಪಂದ್ಯ ಆಡಿದ. ಫೋರ್ಸ್ಲಿಂಗ್ ಮುಂದೆ ಫ್ಲೋರಿಡಾದ ಮುಖ್ಯ ಡಿಫೆಂಡರ್ ಆಗಿ ಎರಡು ಕಪ್ ಗೆದ್ದ.

ಒಂದೇ ಡ್ರಾಫ್ಟ್‌ನಲ್ಲಿ 40 ಗೋಲಿನ ಫಾರ್ವರ್ಡ್, ವೆಜಿನಾ ಮಟ್ಟದ ಗೋಲ್‌ಕೀಪರ್, ಎರಡು ಕಪ್ಪಿನ ಡಿಫೆಂಡರ್. ಯಾವ ತಂಡವಾದರೂ ಇಷ್ಟಕ್ಕೆ ಊರೂಟ ಹಾಕಿಸುತ್ತಿತ್ತು. ವ್ಯಾಂಕೂವರ್‌ನಲ್ಲಿ ಮಾತ್ರ ಅದು ವಿರ್ಟಾನೆನ್ ವರ್ಷ ಅಂತಲೇ ಉಳಿದಿದೆ.

ಇದಕ್ಕೆ ಒಂದು ಎದುರು ಮಾತಿದೆ, ಅದನ್ನೂ ಹೇಳಬೇಕು. ಫೋರ್ಸ್ಲಿಂಗ್‌ನನ್ನು ಬಿಟ್ಟವರು ಕನಕ್ಸ್ ಒಬ್ಬರೇ ಅಲ್ಲ. ಶಿಕಾಗೊ ಬಿಟ್ಟಿತು. ಕ್ಯಾರೊಲಿನಾ 2021ರ ಜನವರಿಯಲ್ಲಿ ಯಾರಾದರೂ ಸುಮ್ನೆ ತಗೊಂಡು ಹೋಗಿ ಅಂತ ಬಿಟ್ಟಾಗ ಫ್ಲೋರಿಡಾ ಎತ್ತಿಕೊಂಡಿತು. ಆಗ ಅವನಿಗೆ 24. ಮಕ್ಯಾನ್‌ನನ್ನು ಆ ಫ್ಲೋರಿಡಾವೇ ಉಳಿಸಿಕೊಳ್ಳಲಿಲ್ಲ. ಹಾಗಾಗಿ ಇದು ಬರೀ ಒಬ್ಬ ಮ್ಯಾನೇಜರ್‌ನ ಕುರುಡು ಅಂತ ಹೇಳಕ್ಕಾಗಲ್ಲ. ಡಿಫೆಂಡರ್‌ಗಳು ನಿಧಾನಕ್ಕೆ ಮಾಗುತ್ತಾರೆ. ಕಾಯೋದಕ್ಕೆ ತಂಡಗಳಿಗೆ ಪುರುಸೊತ್ತಿಲ್ಲ. ಬೆನಿಂಗ್ ಕಾಲದ ಕನಕ್ಸ್‌ಗಂತೂ ಇನ್ನೂ ಇರಲಿಲ್ಲ. 2011ರಲ್ಲಿ ಫೈನಲ್ ಆಡಿದ ತಂಡ ಮುದುಕಾಗುತ್ತಿತ್ತು. ಅದನ್ನು ಒಪ್ಪಿಕೊಳ್ಳದೆ, ಈ ವರ್ಷವೇ ಗೆಲ್ಲೋಣ ಅಂತ 19-20ರ ಹುಡುಗರನ್ನು ಕೊಟ್ಟು 24ರವರನ್ನು ತರುತ್ತಿದ್ದರು.

ಆರ್‌ಸಿಬಿ ಅಭಿಮಾನಿಗಳಿಗೆ ಈ ನೋವು ಹೊಸದಲ್ಲ. ಚಾಹಲ್‌ನನ್ನು ಉಳಿಸಿಕೊಳ್ಳದೆ ಬಿಟ್ಟ ಮರುವರ್ಷವೇ, 2022ರಲ್ಲಿ, ಅವರು ರಾಜಸ್ಥಾನಕ್ಕೆ ಆಡಿ ಪರ್ಪಲ್ ಕ್ಯಾಪ್ ತೊಟ್ಟರು. ಬೇರೆಯವರು ಆರಿಸಿದ ಆಟಗಾರ ಮಿಂಚಿದರೆ ಬೇಜಾರು. ನಮ್ಮ ಮನೆಯಲ್ಲಿದ್ದವನು ಪಕ್ಕದ ಮನೆಯಲ್ಲಿ ಮಿಂಚಿದರೆ ಆಗೋದು ಬೇರೆಯದೇ ಸಂಕಟ.

ಪಕ್ಕದ ಮನೆ ಅಂದರೆ ಇಲ್ಲಿ ಫ್ಲೋರಿಡಾ. ಭೂಪಟದಲ್ಲಿ ಎರಡಕ್ಕೂ ಎತ್ತಣಿಂದೆತ್ತಣ ಸಂಬಂಧ. 2024ರಲ್ಲಿ ಪ್ಯಾಂಥರ್ಸ್ ಕಪ್ ಗೆದ್ದಾಗ ಕನಕ್ಸ್ ಅಭಿಮಾನಿ ಟೀವಿಯಲ್ಲಿ ಯಾರ ಯಾರ ಮುಖ ನೋಡಬೇಕಾಯಿತು ಲೆಕ್ಕ ಹಾಕಿ. ಆರಿಸದೆ ಬಿಟ್ಟ ಕಚಕ್. ಆರಿಸಿ ಕೊಟ್ಟ ಫೋರ್ಸ್ಲಿಂಗ್. ತಂಡದ ಆಡಳಿತದಲ್ಲಿ ಕನಕ್ಸ್‌ನ ಹಳೆಯ ಗೋಲ್‌ಕೀಪರ್ ರಾಬರ್ಟೊ ಲುವೊಂಗೊ. ಇನ್ನು ಆಲಿವರ್ ಎಕ್ಮನ್-ಲಾರ್ಸನ್. ಇವನದು ಇನ್ನೂ ದುಬಾರಿ ಕಥೆ. 2021ರ ಡ್ರಾಫ್ಟ್ ದಿನ ಕನಕ್ಸ್ ತಮ್ಮ ಒಂಬತ್ತನೆಯ ಸರದಿಯನ್ನೂ, ಒಂದೇ ವರ್ಷದಲ್ಲಿ ಮುಗಿಯಲಿದ್ದ ದುಬಾರಿ ಒಪ್ಪಂದಗಳ ಮೂವರು ಆಟಗಾರರನ್ನೂ ಅರಿಜೋನಾಗೆ ಕೊಟ್ಟು ಇವನನ್ನೂ ಕಾನರ್ ಗಾರ್ಲೆಂಡ್‌ನನ್ನೂ ತಂದಿತು. ಆ ಸರದಿಯಲ್ಲಿ ಅರಿಜೋನಾ ಆರಿಸಿದ್ದು ಡಿಲನ್ ಗುಂಥರ್‌ನನ್ನು. ಇನ್ನೂ ಸುಮ್ಮನೆ ಒಂದು ವರ್ಷ ಕಾದಿದ್ದರೆ ಆ ಮೂರು ಒಪ್ಪಂದ ತಾವಾಗಿ ಮುಗಿಯುತ್ತಿದ್ದವು, ಸರದಿಯೂ ಉಳಿಯುತ್ತಿತ್ತು. ಎರಡು ವರ್ಷದಲ್ಲಿ ಎಕ್ಮನ್-ಲಾರ್ಸನ್‌ಗೆ ದುಡ್ಡು ಕೊಟ್ಟು ಕಳಿಸಿಬಿಟ್ಟರು. ಅವನು ನೇರ ಫ್ಲೋರಿಡಾಗೆ ಹೋಗಿ ಕಪ್ ಎತ್ತಿದ.

ಕನಕ್ಸ್ 1970ರಿಂದ ಆಡುತ್ತಿದೆ. 1982, 1994, 2011, ಮೂರು ಸಲ ಫೈನಲ್‌ಗೆ ಹೋಗಿ ಮೂರು ಸಲವೂ ಸೋತಿದೆ. 2025ರ ಜೂನ್‌ಗೆ ಮುಂಚಿನ ಆರ್‌ಸಿಬಿ ಅಭಿಮಾನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಯೊಲೆವಿಯನ್ನು ಆರಿಸಿದ್ದು ಸರಿಯಾ? ಇಲ್ಲ. ಅದು ತಪ್ಪೇ. ಆದರೆ ಎಂಥ ತಪ್ಪು ಅಂತ ನೋಡಬೇಕು. ಅವನನ್ನು ಮೊದಲ ಹತ್ತರೊಳಗೆ ಯಾರಾದರೂ ಆರಿಸುತ್ತಾರೆ ಅಂತ ಹೆಚ್ಚಿನವರ ಅಂದಾಜು ಇದ್ದೇ ಇತ್ತು. ಕನಕ್ಸ್‌ಗೆ ಆಗ ಎಳೆಯ ಡಿಫೆಂಡರ್ ಬೇಕಿತ್ತು, ಅದಕ್ಕೇ ಆರಿಸಿದರು. ಅಡುಗೆಮನೆಯಲ್ಲಿ ಇವತ್ತು ಏನಿಲ್ಲ ಅಂತ ನೋಡಿ ಸಸಿ ನೆಟ್ಟ ಹಾಗಾಯಿತು. ಸಸಿ ಕಾಯಿ ಬಿಡೋ ಹೊತ್ತಿಗೆ ಅಡುಗೆಮನೆಯ ಕೊರತೆಯೇ ಬೇರೆ ಇರುತ್ತೆ. ಯೊಲೆವಿಗೆ ಬೆನ್ನಿನ ಶಸ್ತ್ರಚಿಕಿತ್ಸೆ ಆಯಿತು, ಮಂಡಿಯದ್ದೂ ಆಯಿತು. ಮೊದಲ ಎನ್‌ಎಚ್‌ಎಲ್ ಪಂದ್ಯ ಆಡೋ ಹೊತ್ತಿಗೆ 2020 ಬಂದಿತ್ತು. ಇನ್ನೂ ಒಂದು ಮಾತು. ಡಿಫೆಂಡರೇ ಬೇಕು ಅಂದಿದ್ದರೂ ಆ ದಿನ ಮಿಖಾಯಿಲ್ ಸೆರ್ಗಚೇವ್ ಒಂಬತ್ತನೆಯವನಾಗಿ, ಚಾರ್ಲಿ ಮ್ಯಾಕವಾಯ್ ಹದಿನಾಲ್ಕನೆಯವನಾಗಿ ಹೋದರು. ಸೆರ್ಗಚೇವ್ ಟ್ಯಾಂಪಾ ಜೊತೆ ಎರಡು ಕಪ್ ಗೆದ್ದ. ಅಂದರೆ ಬರೀ ಅಗತ್ಯ ನೋಡಿದ್ದಷ್ಟೇ ತಪ್ಪಲ್ಲ, ಹುಡುಗನನ್ನು ಅಳೆದದ್ದರಲ್ಲೂ ತಪ್ಪಿತು.

ಅದೇ ಬೆನಿಂಗ್, ಅದೇ ಸ್ಕೌಟ್‌ಗಳ ಬಳಗ, ಮರುವರ್ಷ ಐದನೆಯ ಸರದಿಯಲ್ಲೇ ಎಲಿಯಾಸ್ ಪೆಟರ್ಸನ್‌ನನ್ನು ಆರಿಸಿತು. ಆಗ ಅವನು ಸ್ವೀಡನ್ನಿನ ಎರಡನೆಯ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ ಕಡ್ಡಿ ಮೈಯ ಹುಡುಗ. ಕೋಡಿ ಗ್ಲಾಸ್ ಬೇಕಿತ್ತು ಅಂದುಕೊಂಡ ಅಭಿಮಾನಿಗಳೂ ಇದ್ದರು. ಪೆಟರ್ಸನ್ 2019ರಲ್ಲಿ ಲೀಗಿನ ಅತ್ಯುತ್ತಮ ಹೊಸಬ ಪ್ರಶಸ್ತಿ ಗೆದ್ದ. 2022-23ರಲ್ಲಿ ಗೋಲು, ಪಾಸು ಸೇರಿ 102 ಪಾಯಿಂಟ್ ಮಾಡಿದ. 2018ರಲ್ಲಿ ಏಳನೆಯವನಾಗಿ ಕ್ವಿನ್ ಹ್ಯೂಸ್ ಸಿಕ್ಕಿದ. 2024ರ ಅತ್ಯುತ್ತಮ ಡಿಫೆಂಡರ್ ಅವನೇ. ಯೊಲೆವಿ ಹೆಸರು ಹೇಳಿ ಬೈಯುವವರು ಇವೆರಡನ್ನೂ ಅದೇ ಖಾತೆಯಲ್ಲಿ ಜಮೆ ಮಾಡಬೇಕಲ್ಲ?

ಹ್ಯೂಸ್ ಸಿಕ್ಕ ದಿನದ್ದೇ ಇನ್ನೊಂದು ಕಥೆ. ಅವನಿಗಿಂತ ಒಂದು ಸರದಿ ಮುಂಚೆ ಇದ್ದದ್ದು ಡೆಟ್ರಾಯಿಟ್. ಹ್ಯೂಸ್ ಅದೇ ರಾಜ್ಯದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದ, ಕಣ್ಣೆದುರಿಗೇ ಇದ್ದ. ಡೆಟ್ರಾಯಿಟ್ ಫಿಲಿಪ್ ಜದೀನಾನನ್ನು ಆರಿಸಿತು. ಇಷ್ಟು ಕೆಳಗೆ ಜದೀನಾ ಸಿಕ್ಕಿದನಲ್ಲ ಅಂತ ಅಭಿಮಾನಿಗಳು ಕುಣಿದರು. ಮರುವರ್ಷ ಅದೇ ಆರನೆಯ ಸರದಿಯಲ್ಲಿ ಅವರು ಜರ್ಮನಿಯ ಮೊರಿಟ್ಜ್ ಸೈಡರ್ ಹೆಸರು ಹೇಳಿದಾಗ ಹುಡುಗನೇ ಬೆಚ್ಚಿಬಿದ್ದ. ಯಾರಪ್ಪಾ ಇವನು ಅಂತ ಅಭಿಮಾನಿಗಳು ಮುಖ ಮುಖ ನೋಡಿಕೊಂಡರು. ಜದೀನಾ 2023ರಲ್ಲಿ ಡೆಟ್ರಾಯಿಟ್ ಬಿಟ್ಟ. ಸೈಡರ್ 2022ರಲ್ಲಿ ಅತ್ಯುತ್ತಮ ಹೊಸಬನಾದ. ಡ್ರಾಫ್ಟ್ ರಾತ್ರಿಯ ಚಪ್ಪಾಳೆಗೆ ಬೆಲೆ ಕಟ್ಟಬೇಡಿ.

ಅದೃಷ್ಟದ ಪಾಲೂ ಇದೆ, ಸುಳ್ಳಲ್ಲ. 2016ರಲ್ಲಿ ಕನಕ್ಸ್ ಕೆಳಗಿನಿಂದ ಮೂರನೆಯ ತಂಡ. ಲಾಟರಿಯಲ್ಲಿ ಐದಕ್ಕೆ ಜಾರಿತು. 2017ರಲ್ಲಿ ಕೆಳಗಿನಿಂದ ಎರಡನೆಯದು, ಮತ್ತೆ ಐದಕ್ಕೆ ಜಾರಿತು. 2018ರಲ್ಲಿ ಆರರಿಂದ ಏಳಕ್ಕೆ. ಸೋಲಿನ ಅವಮಾನ ಪೂರ್ತಿ, ಅದರ ಬಾಬ್ತು ಬರಬೇಕಾದ ಪರಿಹಾರ ಅರ್ಧ. 2025ರ ಡ್ರಾಫ್ಟ್ ವರೆಗೂ ಕನಕ್ಸ್ ಒಂದು ಸಲವೂ ಒಂದನೆಯ ಸರದಿಯಲ್ಲಿ ಆರಿಸಿಲ್ಲ.

ಆ ಸರದಿ ಸಿಕ್ಕಿತು ಅಂತ ಒಮ್ಮೆ ಅನ್ನಿಸಿತ್ತು, ಕೆಲವೇ ಕ್ಷಣಕ್ಕೆ. 1970ರಲ್ಲಿ ವ್ಯಾಂಕೂವರ್, ಬಫಲೋ ಎರಡೂ ಹೊಸ ತಂಡಗಳು. ಮೊದಲು ಯಾರು ಆರಿಸಬೇಕು ಅಂತ ತೀರ್ಮಾನಿಸೋದಕ್ಕೆ ಜಾತ್ರೆಯಲ್ಲಿ ಇರುತ್ತಲ್ಲ, ಅಂಥದ್ದೇ ಅಂಕಿ ಬರೆದ ಚಕ್ರ ತಿರುಗಿಸಿದರು. ಚಕ್ರ ನಿಂತ ಅಂಕಿಯನ್ನು 1 ಅಂತ ಓದಿದರು. ವ್ಯಾಂಕೂವರ್ ಮೇಜಿನವರು ಎದ್ದು ಕುಣಿದರು. ಆಮೇಲೆ ನೋಡಿದರೆ ಅದು 11, ಬಫಲೋ ಪಾಲಿನ ಅಂಕಿ. ಬಫಲೋಗೆ ಸಿಕ್ಕ ಝಿಲ್ಬೇರ್ ಪೆರೋ 1,326 ಪಾಯಿಂಟ್ ಗಳಿಸಿದ, ಬೆನ್ನ ಮೇಲೆ 11 ಹಾಕಿಕೊಂಡೇ ಕಡೇ ತನಕ ಆಡಿದ. ವ್ಯಾಂಕೂವರ್‌ಗೆ ಸಿಕ್ಕಿದ್ದು ಡೇಲ್ ಟ್ಯಾಲನ್. ಇದೇ ಟ್ಯಾಲನ್ ಮುಂದೆ ಮ್ಯಾನೇಜರ್ ಆದರು. 2013ರಲ್ಲಿ ಅವರ ತಂಡ ಎರಡನೆಯ ಸರದಿಯಲ್ಲಿ ಆರಿಸಿದ ಅಲೆಕ್ಸಾಂಡರ್ ಬಾರ್ಕೊವ್ ಈಗ ಎರಡು ಕಪ್ ಎತ್ತಿದ ನಾಯಕ. ಯಾವ ತಂಡ ಅಂತ ಕೇಳ್ತೀರಾ? ಫ್ಲೋರಿಡಾ.

ಆದರೆ ಬರೀ ಚಕ್ರವನ್ನೇ ಬೈದು ಕೂತರೆ ಕನಕ್ಸ್‌ನ ಒಳ್ಳೆಯ ದಿನಗಳು ಲೆಕ್ಕಕ್ಕೆ ಬರಲ್ಲ. 1989ರಲ್ಲಿ ಪಾವೆಲ್ ಬುರೆಯನ್ನು ಆರನೆಯ ಸುತ್ತಿನಲ್ಲಿ ಆರಿಸಿದ್ದು ಪಂದ್ಯದ ಲೆಕ್ಕ ಇಟ್ಟದ್ದರಿಂದ. ಅಷ್ಟು ತಡವಾಗಿ ಆರಿಸಬೇಕಾದರೆ ಅವನು ಸೋವಿಯತ್ ಮೇಲ್ದರ್ಜೆಯಲ್ಲಿ ಇಷ್ಟು ಪಂದ್ಯ ಆಡಿರಬೇಕು ಅಂತ ನಿಯಮ. ಆಡಿಲ್ಲ ಅಂತ ಬೇರೆಯವರು ಅಂದುಕೊಂಡಿದ್ದರು. ಆಡಿದ್ದಾನೆ ಅಂತ ಕನಕ್ಸ್‌ನ ಸ್ಕೌಟ್ ಕಂಡುಕೊಂಡಿದ್ದರು. ಜಗಳ ಒಂದು ವರ್ಷ ನಡೆದು ಕನಕ್ಸ್ ಪರ ತೀರ್ಪಾಯಿತು. 1999ರಲ್ಲಿ ಅವಳಿ ಅಣ್ಣತಮ್ಮಂದಿರಾದ ಸೆಡಿನ್‌ಗಳನ್ನು ಬೇರೆ ಮಾಡಬಾರದು ಅಂತ ಆಗಿನ ಮ್ಯಾನೇಜರ್ ಬ್ರಯನ್ ಬರ್ಕ್ ಟ್ರೇಡ್ ಮೇಲೆ ಟ್ರೇಡ್ ಮಾಡಿ ಎರಡನೆಯ, ಮೂರನೆಯ ಸರದಿ ಎರಡನ್ನೂ ಹಿಡಿದರು. ಆ ವರ್ಷ ಒಂದನೆಯವನಾಗಿ ಹೋದ ಪಾಟ್ರಿಕ್ ಸ್ಟೆಫಾನ್ ಒಟ್ಟು 188 ಪಾಯಿಂಟ್ ಗಳಿಸಿದ. ಸೆಡಿನ್‌ಗಳು ತಲಾ ಸಾವಿರದ ಮೇಲೆ. ಅದಕ್ಕಿಂತ ಮುಖ್ಯ, ಇಬ್ಬರೂ 2018ರಲ್ಲಿ ನಿವೃತ್ತರಾಗುವ ತನಕ ವ್ಯಾಂಕೂವರ್ ಬಿಟ್ಟು ಹೋಗಲಿಲ್ಲ. ಮೊದಮೊದಲ ವರ್ಷಗಳಲ್ಲಿ ಅವರ ಆಟ ಸಾಧಾರಣವಾಗಿತ್ತು. ತಂಡ ಕಾಯಿತು.

ಈಗಿನ ಸಂಕಟ ಹ್ಯೂಸ್‌ದು. 2025ರ ಡಿಸೆಂಬರ್‌ನಲ್ಲಿ ನಾಯಕನಾಗಿದ್ದ ಅವನನ್ನೇ ಕನಕ್ಸ್ ಮಿನೆಸೋಟಾಗೆ ಕೊಟ್ಟಿತು. ಒಪ್ಪಂದ 2027ಕ್ಕೆ ಮುಗಿಯಲಿತ್ತು, ಆಮೇಲೆ ನಿಲ್ಲುವ ಭರವಸೆ ಇರಲಿಲ್ಲ. ಬದಲಿಗೆ ಬಂದದ್ದು ಮಾರ್ಕೊ ರೊಸಿ, ಲಿಯಾಂ ಓಗ್ರೆನ್, ಜೀವ್ ಬುಯಂ, ಮತ್ತು 2026ರ ಮೊದಲ ಸುತ್ತಿನ ಒಂದು ಸರದಿ. ಮೂವರೂ ಮೊದಲ ಸುತ್ತಿನಲ್ಲಿ ಆರಿಸಲ್ಪಟ್ಟವರೇ. ಅಂದರೆ ಹಣ್ಣು ಕೊಟ್ಟು ಕಾಯಿ ತಗೊಂಡಿದ್ದಾರೆ. ಮನೆಯಲ್ಲೂ ಕಾಯಿಗಳಿವೆ. 2022ರಲ್ಲಿ 15ನೆಯವನಾದ ಯೊನಾಥನ್ ಲೆಕೆರಿಮಾಕಿ, 2023ರಲ್ಲಿ 11ನೆಯವನಾದ ಟಾಮ್ ವಿಲಾಂಡರ್, 2025ರಲ್ಲಿ 15ನೆಯವನಾದ ಬ್ರೇಡನ್ ಕೂಟ್ಸ್. 2024ರ ಮೊದಲ ಸುತ್ತಿನ ಸರದಿ ಮಾತ್ರ ಇಲ್ಲ. ಕೆಲವೇ ತಿಂಗಳು ಆಡಿ ಬಾಸ್ಟನ್‌ಗೆ ಹೋದ ಎಲಿಯಾಸ್ ಲಿಂಡ್‌ಹೋಮ್‌ಗಾಗಿ ಅದನ್ನು ಕ್ಯಾಲ್ಗರಿಗೆ ಕೊಟ್ಟಿದ್ದರು. ಸರದಿ ಮಾರೋದೇ ತಪ್ಪು ಅಂತಲ್ಲ. 2020ರದ್ದನ್ನು ಜೆ. ಟಿ. ಮಿಲ್ಲರ್‌ಗಾಗಿ ಕೊಟ್ಟಿದ್ದರು, ಅವನು 2023-24ರಲ್ಲಿ 103 ಪಾಯಿಂಟ್ ಮಾಡಿದ. ತಂಡ ಎಲ್ಲಿದೆ ಅಂತ ನೋಡದೆ ಮಾರೋದು ತಪ್ಪು.

ಕಾಯೋದು ಗೊತ್ತಿದ್ದರೆ ಏನಾಗುತ್ತೆ ಅನ್ನೋದಕ್ಕೂ ಮನೆಯಲ್ಲೇ ಸಾಕ್ಷಿ ಇದೆ. 2025ರ ಜೂನ್‌ನಲ್ಲಿ ಕನಕ್ಸ್‌ನ ಎರಡನೆಯ ದರ್ಜೆಯ ತಂಡ ಆಬಟ್ಸ್‌ಫರ್ಡ್ ಕ್ಯಾಲ್ಡರ್ ಕಪ್ ಗೆದ್ದಿತು. ಎದುರಾಳಿ ಷಾರ್ಲಟ್, ಫ್ಲೋರಿಡಾದ ಎರಡನೆಯ ತಂಡ! ಪ್ಲೇಆಫ್‌ನ ಶ್ರೇಷ್ಠ ಆಟಗಾರ ಆದದ್ದು ಗೋಲ್‌ಕೀಪರ್ ಆರ್ಟೂರ್ಸ್ ಶಿಲೊವ್ಸ್, 2019ರಲ್ಲಿ ಆರನೆಯ ಸುತ್ತಿನಲ್ಲಿ ಆರಿಸಿ ಬೆಳೆಸಿದವನು. ಮರುತಿಂಗಳೇ ಅವನನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟರು. ಏನು ಹೇಳೋದು!

ಆ ಗೆದ್ದ ತಂಡದಲ್ಲಿ ಅರ್ಷ್‌ದೀಪ್ ಬೈನ್ಸ್ ಕೂಡ ಇದ್ದ. ವ್ಯಾಂಕೂವರ್ ಪಕ್ಕದ ಸರ‍್ರೆಯ ಪಂಜಾಬಿ ಮನೆಯ ಹುಡುಗ. ಅವನು ಹದಿನೆಂಟಾಗಿ ಡ್ರಾಫ್ಟ್‌ಗೆ ಅರ್ಹನಾದದ್ದು 2019ರಲ್ಲಿ. ಆ ವರ್ಷದ ಡ್ರಾಫ್ಟ್ ನಡೆದದ್ದು ವ್ಯಾಂಕೂವರ್‌ನಲ್ಲೇ, ಕನಕ್ಸ್ ಆಡುವ ರೋಜರ್ಸ್ ಅರೀನಾದಲ್ಲೇ. ಎರಡು ದಿನದಲ್ಲಿ 217 ಹೆಸರು ಕೂಗಿದರು. ಅವನ ಹೆಸರು ಬರಲಿಲ್ಲ. ಮುಂದಿನ ಎರಡು ವರ್ಷವೂ ಬರಲಿಲ್ಲ. 2021-22ರಲ್ಲಿ ರೆಡ್ ಡೀರ್ ತಂಡಕ್ಕೆ ಆಡಿ ಪಶ್ಚಿಮ ಕೆನಡಾದ ಜೂನಿಯರ್ ಲೀಗಿನಲ್ಲೇ ಎಲ್ಲರಿಗಿಂತ ಹೆಚ್ಚು, 112 ಪಾಯಿಂಟ್ ಮಾಡಿದ. ಆಗ ಕನಕ್ಸ್ ಡ್ರಾಫ್ಟ್ ಇಲ್ಲದೆಯೇ ಸಹಿ ಹಾಕಿಸಿಕೊಂಡಿತು. 2024ರ ಫೆಬ್ರುವರಿಯಲ್ಲಿ ಅವನು ಮೊದಲ ಎನ್‌ಎಚ್‌ಎಲ್ ಪಂದ್ಯ ಆಡಿದ. ಐದನೆಯವನು ಯಾರು, ಆರನೆಯವನು ಯಾರು ಅಂತ ಬರೆದಿಟ್ಟುಕೊಂಡ ಅಭಿಮಾನಿಯ ಪಟ್ಟಿಯಲ್ಲಿ ಇವನಿಗೆ ಸಾಲೇ ಇಲ್ಲ.